ಐದು ನಿಮಿಷದ ಕೊಡ

ಕುತೈಸಿಯ ರಕ್ತನಿಧಿ, ರಾತ್ರಿ ಪಾಳಿ.
ನಾನುಲಿಯ ಪರದೆಯಲ್ಲಿ ಓ ನೆಗೆಟಿವ್ ಎರಡು ಚೀಲ.
ಮಹಡಿ ಮೇಲೆ ಜುರಾಬನ ಪರದೆಯಲ್ಲಿ ಒಂದು.
ಕ್ವೆರಿ ಒಂದೇ, ಗಳಿಗೆಯೂ ಒಂದೇ.

ಬರೆದವಳು ನಾನು:
ಕೇಳಿದಾಗಲೆಲ್ಲ ಬಾವಿಗೆ ಹೋಗಬೇಡ,
ಕೊಡದಲ್ಲಿದ್ದದ್ದನ್ನೇ ಬಗ್ಗಿಸಿ ಕೊಡು,
ಐದು ನಿಮಿಷಕ್ಕೊಮ್ಮೆ ತುಂಬಿಕೋ.
ನಲವತ್ತು ಜನ ಒಟ್ಟಿಗೆ ಸೇದಿದರೆ
ಹಗ್ಗ ತಡೆಯಬೇಕಲ್ಲ.

ಐದನೆಯ ನಿಮಿಷ ಬರುವ ಮುನ್ನ
ಹಳಸಿದ್ದನ್ನೇ ಬಿಸಿಬಿಸಿ ಎಂದು ಬಡಿಸಿತು ಕ್ಯಾಶ್.

ನಾನುಲಿ ರಿಫ್ರೆಶ್ ಒತ್ತಲಿಲ್ಲ.
ಫ್ರಿಜ್ಜಿನ ಬಾಗಿಲು ತೆಗೆದು, ತೋರುಬೆರಳಿಂದ ಎಣಿಸಿ,
ಹೆರಿಗೆ ವಾರ್ಡಿಗೆ ಫೋನಿನಲ್ಲಿ ಹೇಳಿದಳು:
ಒಂದೇ ಇದೆ. ಬೇಗ ಬನ್ನಿ.

ಬೆಳಿಗ್ಗೆ ನನ್ನ ಮೇಜಿನ ಮೇಲೆ ಚೀಟಿ:
"ಒಂದು ಚೀಲ ಸುಳ್ಳು."

ಈಗ ಅಲ್ಲಿ ಯಾರು ಚೀಲ ಮುಟ್ಟಿದರೂ
ಇಲ್ಲಿ ಕೊಡ ತಾನೇ ಬೋರಲಾಗುತ್ತದೆ.
ರಾಟೆ ಕಿರುಗುಟ್ಟುತ್ತದೆ.
ಕಿರುಗುಟ್ಟಲಿ.