ಎಡಗೆನ್ನೆಯ ತೂಬು

ಹದಿನೇಳು ವರ್ಷದಿಂದ ಎಡದಂಡೆ ನಾಲೆಯ
ಒಂಬತ್ತನೇ ತೂಬಿನ ಬೀಗದಕೈ ನನ್ನ ಸೊಂಟದಲ್ಲಿ.
ಎಷ್ಟು ಸುತ್ತು ತಿರುವಿದರೆ ಎಷ್ಟು ಅಂಗುಲ ನೀರು,
ನಿದ್ದೆಗಣ್ಣಲ್ಲೂ ಹೇಳುತ್ತೇನೆ.
ಗಡ್ಡ ಮಾತ್ರ ಬಲಗಡೆಯಷ್ಟೇ ಹೆರೆಯುತ್ತೇನೆ.

ಎಡಗೆನ್ನೆಗೆ ಬ್ಲೇಡು ಬೇಡ, ಗಾಳಿ ಸಾಕು.
ಗೊರೂರಿನ ಅಣೆಕಟ್ಟೆ ಕಡೆಯಿಂದ ಮುಂಜಾನೆ ಒಂದು ಸುಳಿ
ಸೋಕಿತೋ, ಕಿವಿಯಿಂದ ತುಟಿವರೆಗೆ ಕರೆಂಟು.
ಹಲ್ಲಿನ ನೋವೆಂದು ಮೂರು ಹಲ್ಲು ಕೀಳಿಸಿದೆ,
ಹೊಳೆನರಸೀಪುರದಲ್ಲಿ ಎರಡು, ಹಾಸನದಲ್ಲಿ ಒಂದು.
ಹಲ್ಲು ಹೋಯಿತು. ಖಾಲಿ ಜಾಗ ಸಿಕ್ಕ ನೋವು
ಕಾಲು ಚಾಚಿ ಮಲಗಿತು.

ದೊಡ್ಡಾಸ್ಪತ್ರೆಯ ಎರಡನೇ ಮಹಡಿಯಲ್ಲಿ ಡಾಕ್ಟರ್ ಫರ್ಹಾನಾ
ಹಾಳೆಯ ಮೇಲೆ ಒಂದು ನರ ಬರೆದರು,
ನರದ ಗೋಡೆಗೆ ಪುಟ್ಟ ಬಾಗಿಲು ಬರೆದರು.
'ಇದರಲ್ಲಿ ಸೋಡಿಯಂ ನುಗ್ಗಿದರೆ ನೋವಿನ ಸುದ್ದಿ ಓಡುತ್ತೆ.
ನಿಮ್ಮ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲ.'
ನಕ್ಕುಬಿಟ್ಟೆ. ನಕ್ಕದ್ದಕ್ಕೆ ಆಗಲೇ ದಂಡ ತೆತ್ತೆ.
ಕೆನ್ನೆ ಹಿಡಿದುಕೊಂಡೇ ಹೇಳಿದೆ:
'ತೂಬಿನ ರಬ್ಬರು ಸವೆದಿದೆ ಅನ್ನಿ ಮೇಡಂ,
ನನಗೆ ಅರ್ಥವಾಗುತ್ತೆ.'

ಹಳೆಯ ಮಾತ್ರೆ ತೂಕಡಿಸಿ ತೂಕಡಿಸಿ
ನಾಲೆಗೇ ಕೆಡವುತ್ತಿತ್ತು ನನ್ನನ್ನು;
ತಲೆಯೊಳಗಿನ ಬಾಗಿಲನ್ನೂ ಒತ್ತಿ ಹಿಡಿಯುವ ಮದ್ದಂತೆ ಅದು.
ಹೊಸದು ನೋವಿನ ಬಾಗಿಲನ್ನಷ್ಟೇ ಹುಡುಕೀತು ಅನ್ನುವ ಆಸೆ.
'ಇನ್ನೂ ಆಸೆ ಅಷ್ಟೇ' ಎಂದರು ಎರಡು ಸಲ.
ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಹಿಟ್ಟು.
ಯಾರಿಗೆ ಯಾವುದು, ಕೊಡುವ ಅವರಿಗೂ ಗೊತ್ತಿಲ್ಲ.
ಕಣ್ಣು ಕಟ್ಟಿಕೊಂಡು ನೀರು ಹಂಚಿದರೆ
ನಮ್ಮ ಇಲಾಖೆಯಲ್ಲಿ ಅಮಾನತು.
ಇಲ್ಲಿ ಅದೇ ನ್ಯಾಯವಂತೆ. ಸಹಿ ಹಾಕಿದೆ.

ಹನ್ನೆರಡನೇ ದಿನ ಮೊಸರನ್ನ ಎಡಗಡೆ ಅಗಿದೆ.
ಹತ್ತೊಂಬತ್ತನೇ ದಿನ ಗಾಳಿ ಬಂತು.
ಬಂದು, ಹೋಯಿತು.
ಗೇಟಿನ ಚಕ್ರ ಹಿಡಿದು ನಿಂತೇ ಇದ್ದೆ
ಬಾರದ ಸಿಡಿಲಿಗೆ ಹೆಗಲು ಕುಗ್ಗಿಸಿಕೊಂಡು.

ಲಕೋಟೆ ಒಡೆಯುವುದು ಯುಗಾದಿ ಕಳೆದ ಮೇಲೆ.
'ಹಿಟ್ಟೇ ಆಗಿದ್ದರೆ?' ಅಂದರೆ ನಿಂಗಾಜಮ್ಮ
ಮುದ್ದೆಕೋಲು ಎತ್ತಿ ತೋರಿಸುತ್ತಾಳೆ:
'ಮನೇಲೇ ಮೂಟೆ ಇದೆಯಲ್ಲ.'

ಇವತ್ತು ಎಡಗಡೆಗೂ ನೊರೆ ಹಚ್ಚಿ ಕೂತೆ.
ಬ್ಲೇಡು ಹೊಸದು, ಕೈ ಇನ್ನೂ ಹಳೆಯದೇ.
ಅಷ್ಟರಲ್ಲಿ ಹತ್ತನೇ ತೂಬಿನ ಸಣ್ಣಸ್ವಾಮಿ ಫೋನು:
'ಅಣ್ಣಾ, ಕೆಳಕ್ಕೆ ನೀರೇ ಬರ್ತಿಲ್ಲ.'
ನೊರೆ ಒರೆಸದೆ ಸೈಕಲ್ ಹತ್ತಿದೆ.
ಏರಿ ಮೇಲೆ ಕೆನ್ನೆ ತಣ್ಣಗಾಯಿತು.
ತಣ್ಣಗೆ, ಅಷ್ಟೇ.