ಐಸು ಕಡಿಯುವ ಸದ್ದು

ಸೊಹಾರಿನಲ್ಲಿ ಬೆಳಗಿನ ಪಾಳಿ.
ಏಳನೇ ಕುರ್ಚಿಯ ಮೋನಬ್ಬ ಕಾಕನ ಬಾಯಲ್ಲಿ
ಕಟಕಟ ಐಸು.
ಬಾಯಾರಿಕೆಗೆ ಅಂದುಕೊಂಡಿದ್ದೆ ನಾನೂ,
ದಿನಕ್ಕೆ ಮೂರೇ ಲೋಟ ನೀರಿನ ಲೆಕ್ಕದವರು,
ಹೊರಗೆ ಜೂನ್.

ಆದರೆ ಡಿಸೆಂಬರಿನಲ್ಲೂ ಕಡಿಯುತ್ತಿದ್ದರಲ್ಲ,
ಶಾಲು ಹೊದ್ದು, ನಡುಗುತ್ತ?

ಮೆಷಿನ್ ತಿರುಗುವ ಮೊದಲೇ
ಎರಡು ಟ್ಯೂಬು ರಕ್ತ ತೆಗೆದಿಟ್ಟೆ.
ವಾರಕ್ಕೆ ಮೂರು ಸಲ ಕೊಳವೆಗಂಟಿ
ವಾಪಸು ಹೋಗದೆ ಉಳಿಯುವ ಚೂರು ಕೆಂಪನ್ನು
ಯಾವ ಪಟ್ಟಿಯಲ್ಲೂ ಬರೆದವರಲ್ಲ ನಾವು.

ಫೆರಿಟಿನ್ ಬಂತು: ಆರುನೂರು ಚಿಲ್ಲರೆ.
'ಕಬ್ಬಿಣ ಧಾರಾಳ ಇದೆಯಲ್ಲ ಸಿಸ್ಟರ್'
ಹೊಸ ಡಾಕ್ಟರು ಹಾಳೆ ಮಡಚಿದರು.
ಸ್ಯಾಚುರೇಷನ್ನೂ ನೋಡಿ ಸರ್, ಅಂದೆ.
ನೂರಕ್ಕೆ ಹದಿಮೂರು.

ಕಾಕ ಬಂದರಿನಲ್ಲಿ ಇಪ್ಪತ್ತೆರಡು ವರ್ಷ
ಕ್ಲಿಯರಿಂಗ್ ಗುಮಾಸ್ತ. ಅವರಿಗೆ ಹೇಳಿದ್ದು ಹೀಗೆ:
ಗೋದಾಮು ತುಂಬಿದೆ ಕಾಕ,
ಗೇಟ್ ಪಾಸಿಗೆ ಸಹಿ ಬಿದ್ದಿಲ್ಲ.
ಒಳಗೆಲ್ಲೋ ಸಣ್ಣ ಉರಿ, ಅದಕ್ಕೆ ಹೆದರಿ
ಮೈ ಬೀಗ ಹಾಕಿ ಕೂತಿದೆ.
ರಸ್ತೆಯಲ್ಲಿ ಲಾರಿಗಳು ಖಾಲಿ.

ನಕ್ಕರು. 'ಅಂಥ ಸರಕಿಗೆ
ದಿನಕ್ಕಿಷ್ಟು ಅಂತ ಡೆಮರೇಜು ಬೀಳ್ತದೆ ಮಗಳೇ.'
ತಾವೇ ರೆಪ್ಪೆ ಕೆಳಗೆಳೆದು ತೋರಿಸಿದರು:
ನೀರಲ್ಲಿ ನೆನೆದ ಸೀಗಡಿಯ ಬಣ್ಣ.
ಎಷ್ಟು ತಿಂಗಳಿಂದ ಹಾಗಿತ್ತೋ,
ನಾನು ದಿನವೂ ನೋಡಿದ್ದು ತೋಳನ್ನು ಮಾತ್ರ.

ಇವತ್ತು ಹತ್ತನೇ ಡೋಸು.
ಬೆಲ್ಲದ ಕಾಫಿಯಂಥ ಕಂದು, ಹನಿ ಹನಿ.
ಕಾಕ ನಿದ್ದೆಯಲ್ಲಿದ್ದಾರೆ. ಪಕ್ಕದಲ್ಲಿ
ಮುಟ್ಟದ ಐಸು ಕರಗಿ ಲೋಟದ ತುಂಬ ನೀರು.
ಪೆನ್ನು ಹಿಡಿದು ನಿಂತಿದ್ದೇನೆ.
ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?