ಕರುಂಬಯ್ಯನವರ ಬಲಗಿವಿ

ಮೊದಲ ಸಲ ಈ ಕುರ್ಚಿಯಲ್ಲಿ ಕೂತಾಗ
ಕತ್ತರಿ ಎತ್ತಲಾರದೆ ನಿಂತುಬಿಟ್ಟೆ.
ಬಲಗಡೆ ಇದ್ದದ್ದು ಕಿವಿಯಲ್ಲ,
ಯಾರೋ ಹಿಂಡಿ ಮರೆತ ನಿಂಬೆಸಿಪ್ಪೆ
ಬಿಸಿಲಿಗೆ ಒಣಗಿ ಗಟ್ಟಿಯಾದದ್ದು.
‘ಹೆದರಬೇಡ ಮೊಯ್ದು, ಸುತ್ತ ಕತ್ತರಿಸು,
ಅದು ನನ್ನ ಹದಿನೇಳು ಮ್ಯಾಚಿನ ಸಂಬಳ’
ನಕ್ಕರು ತೊರೆಯಂಡ ಕರುಂಬಯ್ಯ.
ಆಗ ನನ್ನ ಮೀಸೆ ಕಪ್ಪು,
ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಅಂಗಡಿಗೆ ಒಂದೇ ಕನ್ನಡಿ.

ತಲೆ ಹಿಡಿದವನಿಗೆ ತಿಳಿಯುತ್ತದೆ.
ಹುಬ್ಬಿನ ಮೇಲೆ ಐದು ಹೊಲಿಗೆ: ಕಲ್ಕತ್ತಾ, ಜುಲೈ ಕೆಸರು.
ನೆತ್ತಿಯಲ್ಲಿ ಕೂದಲು ಹುಟ್ಟದ ಗೆರೆ:
ಕೊಲಂಬೊದಲ್ಲಿ ಯಾರದೋ ಬೂಟಿನ ಮೊಳೆ.
ಮೂಗು ಒಮ್ಮೆ ಬಲಕ್ಕೆ ಮುರಿದು
ಮರುವರ್ಷ ಎಡಕ್ಕೆ ಮುರಿದು
‘ಈಗ ನೆಟ್ಟಗಾಯಿತಲ್ಲ!’

ಭಾರತಕ್ಕೆ ಆಡಿದವರು ಎಂದರೆ ಈ ಊರಿನ ಜನ
ಅಂಗೈ ನೋಡುತ್ತಾರೆ, ಸ್ಟಿಕ್ಕಿನ ಜಡ್ಡು ಹುಡುಕುತ್ತಾರೆ.
ಪ್ರತಿಸಲವೂ ಹೇಳಬೇಕಿತ್ತು ಅವರು:
ಹಾಕಿ ಅಲ್ಲ. ರಗ್ಬಿ.
ಚೆಂಡು ಉರುಟಲ್ಲ, ಹಲಸಿನ ಬೀಜದ ಹಾಗೆ,
ನೆಲಕ್ಕೆ ಬಿದ್ದರೆ ಎತ್ತ ಹಾರುವುದೋ ಅದಕ್ಕೇ ಗೊತ್ತಿಲ್ಲ.
ಓಡುವುದು ಮುಂದಕ್ಕೆ, ಎಸೆಯುವುದು ಹಿಂದಕ್ಕೆ.
‘ನಮ್ಮ ತೋಟದ ರೈಟರ್ ಲೆಕ್ಕ ಬರೆದ ಹಾಗೆ’
ಎಂದಿದ್ದರಂತೆ ಅವರ ಮಾವ.

ಒಕ್ಕದ ಹಾಕಿ ಪಂದ್ಯದಲ್ಲಿ ಮೈಕಿನವನು ಕೂಗಿದ:
ಮಾಜಿ ಅಂತಾರಾಷ್ಟ್ರೀಯ ಹಾಕಿಪಟು...
ಎದ್ದರು. ತಿದ್ದಲಿಲ್ಲ.
ಮಂಡಿ ಹಿಡಿದುಕೊಂಡು ಮೈದಾನದ ನಡುವಿಗೆ ನಡೆದು
ಚೆಂಡು ತಟ್ಟಿ ಆಟ ಶುರುಮಾಡಿದರು.
ಮರುದಿನ ಶೇವಿಂಗಿಗೆ ಕೂತು ಕೇಳಿದ್ದು ಒಂದೇ,
‘ಸ್ಟಿಕ್ಕು ತಲೆಕೆಳಗಾಗಿ ಹಿಡಿದಿರಲಿಲ್ಲ ತಾನೇ?’

ವೇಲ್ಸ್ ದೇಶದವನೊಬ್ಬ, ಕಲ್ಲಿದ್ದಲು ಗಣಿಯವನ ಮಗ,
ಇವರಷ್ಟೇ ದಪ್ಪ ಕತ್ತು.
ಎಂಬತ್ತು ನಿಮಿಷ ಕಿವಿಗೆ ಕಿವಿ ಉಜ್ಜಿ
ಕೊನೆಗೆ ಇಬ್ಬರೂ ಅಂಗಿ ಬದಲಾಯಿಸಿಕೊಂಡರು.
ಆ ಕೆಂಪಂಗಿ ಜೀಪಿನ ಸೀಟಿನ ಮೇಲಿದೆ, ಹರಿದ ರೆಕ್ಸಿನ್ ಮುಚ್ಚಲು.
ವರ್ಷಕ್ಕೊಂದು ಕಾಗದ ಬರುತ್ತಿತ್ತು ಕ್ರಿಸ್‌ಮಸ್ಸಿಗೆ.
ಕೊನೆಯದನ್ನು ಮಗಳು ಬರೆದಿದ್ದಳು:
ಅಪ್ಪನಿಗೆ ಅಡುಗೆಮನೆಯ ದಾರಿ ಮರೆತಿದೆ.
ಹೇಳುತ್ತಾ ಹೇಳುತ್ತಾ ತಮ್ಮ ನೆತ್ತಿಯ ಗೆರೆ
ಒಮ್ಮೆ ಮುಟ್ಟಿಕೊಂಡರು.
ನಾನು ನೀರು ಚಿಮುಕಿಸಿದೆ.

ಹೋದ ಕಕ್ಕಡದಲ್ಲಿ, ಒಂದು ಶನಿವಾರ
ಹತ್ತು ಗಂಟೆಗೆ ಕತ್ತರಿಸಿ ಕಳಿಸಿದ್ದೆ.
ಹನ್ನೆರಡೂವರೆಗೆ ಮತ್ತೆ ಬಂದರು.
ಕತ್ತಿನ ಹಿಂದೆ ಪೌಡರ್ ಹಾಗೇ ಇತ್ತು.
‘ತುಂಬಾ ಬೆಳೆದಿದೆ ಮೊಯ್ದು.’
ಬೆಂಚಿನ ಹುಡುಗ ಏನೋ ಹೇಳಹೊರಟ,
ಬಾಚಣಿಗೆ ಎತ್ತಿ ತೋರಿಸಿದೆ, ಸುಮ್ಮನಾದ.
ಬಟ್ಟೆ ಹೊದಿಸಿದೆ.
ಕಾಲು ಗಂಟೆ ಗಾಳಿ ಕತ್ತರಿಸಿದೆ,
ಬಲಗಿವಿಯ ಸುತ್ತ ಎಂದಿನಂತೆ ನಿಧಾನವಾಗಿ.
ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದರು.
ಬಟ್ಟೆ ಕೊಡವಿದರೆ ಏನೂ ಬೀಳಲಿಲ್ಲ.
ದುಡ್ಡು ತೆಗೆದುಕೊಂಡೆ,
ಬೇಡವೆಂದರೆ ಗೊತ್ತಾಗಿಬಿಡುತ್ತಿತ್ತು.
ಸಂಜೆ ಮನೆಗೆ ಹೋಗಿ ಬೊಳ್ಳಮ್ಮಕ್ಕನ ಕೈಗೆ ಕೊಟ್ಟೆ.
‘ಮೀನಿನವನೂ ಬಂದಿದ್ದ ನಿನ್ನೆ’ ಎಂದರು.
ಒಂದು ಲೋಟ ಕಾಫಿ ಕೊಟ್ಟರು.

ಈಗ ನನ್ನ ಹೆಸರೂ ಒಮ್ಮೊಮ್ಮೆ ಅವರ ಕೈಜಾರುತ್ತದೆ,
ಆ ಹಲಸಿನ ಬೀಜದ ಚೆಂಡು.
ಆದರೆ ಕಿವಿಯ ಹಿಂದೆ ಕತ್ತಿ ಆಡಿಸಲೆಂದು
ತಲೆ ಬಗ್ಗಿಸಿ ಒತ್ತಿ ಹಿಡಿದೆನೋ,
ಆ ಕತ್ತಿಗೆ ಎಚ್ಚರವಾಗುತ್ತದೆ.
ಹೆಗಲು ಇಳಿಯುತ್ತದೆ,
ಪಾದ ಕುರ್ಚಿಯ ಕಬ್ಬಿಣಕ್ಕೆ ಒದೆ ಕೊಡುತ್ತದೆ.
ನನ್ನ ಅಂಗೈಯನ್ನು ತಳ್ಳುತ್ತಾರೆ.
ಕತ್ತಿ ಬದಿಗಿಟ್ಟು ನಾನೂ ತಳ್ಳುತ್ತೇನೆ,
ಎರಡೂ ಕೈಯಲ್ಲಿ, ಐವತ್ತೆಂಟು ಕೆಜಿಯ ಆಸಾಮಿ.
ಕುರ್ಚಿ ಕಿರುಗುಟ್ಟುತ್ತದೆ, ಸೀಸೆಗಳು ಅಲುಗುತ್ತವೆ.
ಬಿಡಬೇಡ ಎನ್ನುತ್ತಾರೆ ಹಿಂದಿಯಲ್ಲಿ,
ಪಕ್ಕದಲ್ಲಿರುವ ಯಾರಿಗೋ.
ಎಡಗೆನ್ನೆಯ ನೊರೆ ಹಾಗೇ ಒಣಗುತ್ತಿರುತ್ತದೆ.